ಅಪ್‌ಡೇಟ್ ಆಗುವಾಗ ಫೋನ್ ತಾನಾಗಿಯೇ ಆಫ್ ಆಗಿ ಆನ್ ಆದರೆ ಹ್ಯಾಕ್ ಆಗಿದೆ ಎಂದರ್ಥವೇ?

"ಅಪ್‌ಡೇಟ್ ಒತ್ತಿದ ಮೇಲೆ ಫೋನ್ ತಾನಾಗಿಯೇ ಎರಡು ಮೂರು ಸಲ ಆಫ್ ಆಗಿ ಆನ್ ಆದರೆ ಯಾರೋ ಒಳಗೆ ನುಗ್ಗಿದ್ದಾರೆ, ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ನಿಲ್ಲಿಸಿ." ಇಂಥ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರ ಮೊದಲ ಅರ್ಧ ತಪ್ಪು. ಎರಡನೇ ಅರ್ಧವನ್ನು ನಂಬಿ ಹಾಗೇ ಮಾಡಿದರೆ ಫೋನ್ ಕೆಡಬಹುದು.

ಕೂತ ಕೊಂಬೆಯನ್ನೇ ಕಡಿಯಲಾಗದು ಎನ್ನುತ್ತೇವಲ್ಲ, ಕಂಪ್ಯೂಟರಿನದ್ದೂ ಅದೇ ಕಷ್ಟ. ಓಡುತ್ತಿರುವ ಆಪರೇಟಿಂಗ್ ಸಿಸ್ಟಂ ತನ್ನ ಫೈಲುಗಳನ್ನು ತಾನೇ ಅಳಿಸಿ ಹೊಸದನ್ನು ಬರೆದುಕೊಳ್ಳುವುದು ಸುಲಭವಲ್ಲ. ಅದಕ್ಕಾಗಿ ಒಂದು ಪುಟ್ಟ ತಾತ್ಕಾಲಿಕ ಸಿಸ್ಟಂ ಬೂಟ್ ಆಗುತ್ತದೆ. ಮನೆಯ ಚಾವಣಿ ಬದಲಿಸುವಾಗ ಹಿತ್ತಲಲ್ಲಿ ಶೆಡ್ ಹಾಕಿಕೊಂಡು ಇರುವಂತೆ.

ವಿಂಡೋಸ್ ಅನ್ನು ಪೆನ್‌ಡ್ರೈವ್‌ನಿಂದ ಹಾಕುವಾಗ ಮೊದಲು ಕಾಣುವ ನೀಲಿ-ನೇರಳೆ ಪರದೆ ಇಂಥ ಶೆಡ್. ಅದರ ಹೆಸರು ವಿಂಡೋಸ್ ಪಿಇ. ಅದು ಇರುವುದು ಹಾರ್ಡ್ ಡಿಸ್ಕಿನಲ್ಲಲ್ಲ, ರ್‍ಯಾಮ್‌ನಲ್ಲಿ. ತನ್ನನ್ನು ಎಕ್ಸ್ ಎಂಬ ಡ್ರೈವ್ ಎಂದು ತೋರಿಸಿಕೊಳ್ಳುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದ ಕೂಡಲೇ ಅದರಲ್ಲಿದ್ದದ್ದೆಲ್ಲ ಮಾಯ. ಯಾರೂ ಇದನ್ನೇ ಕಾಯಂ ವಿಂಡೋಸ್ ಮಾಡಿಕೊಳ್ಳಬಾರದೆಂದು, 72 ಗಂಟೆ ಬಿಡದೆ ಓಡಿಸಿದರೆ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಮೈಕ್ರೋಸಾಫ್ಟ್ ಮಾಡಿಟ್ಟಿದೆ. ಲಿನಕ್ಸ್ ಹಾಕುವಾಗಲೂ ಹೀಗೆಯೇ ರ್‍ಯಾಮ್‌ನಲ್ಲಿ ಬಿಚ್ಚಿಕೊಳ್ಳುವ ಚಿಕ್ಕ ಸಿಸ್ಟಂ ಮೊದಲು ಬರುತ್ತದೆ. ಹಾಗಾಗಿ ಇನ್‌ಸ್ಟಾಲ್ ನಡುವೆ ರೀಸ್ಟಾರ್ಟ್ ಆಗುವುದು ರೋಗದ ಲಕ್ಷಣವಲ್ಲ. ಶೆಡ್‌ನಿಂದ ಹೊಸ ಮನೆಗೆ ಹೋಗಲು ಇರುವ ಬಾಗಿಲೇ ಅದು.

ನಿಜವಾದ ಪೇಚು ಬರುವುದು ಆ ಶೆಡ್ಡಿಗೇ ಮತ್ತೆ ಮತ್ತೆ ಮರಳಿದಾಗ. ಶಾಲೆಯೊಂದರ ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರ್ ಇವೆ ಎಂದುಕೊಳ್ಳಿ. ಒಂದೊಂದರ ಮುಂದೆ ಕೂತು 'ನೆಕ್ಸ್ಟ್' ಒತ್ತುವ ಬದಲು, ಎಲ್ಲ ಪ್ರಶ್ನೆಗೂ ಉತ್ತರ ಬರೆದಿಟ್ಟ ಫೈಲ್ ಕೊಟ್ಟು ಇನ್‌ಸ್ಟಾಲ್ ತಾನಾಗಿಯೇ ನಡೆಯಲು ಬಿಡುತ್ತಾರೆ. 'ಡಿಸ್ಕ್ ಪೂರ್ತಿ ಅಳಿಸಲೇ?' ಎಂಬುದಕ್ಕೂ 'ಹೌದು' ಎಂದು ಮೊದಲೇ ಬರೆದಿರುತ್ತದೆ. ಕಂಪ್ಯೂಟರ್ ಮೊದಲು ಪೆನ್‌ಡ್ರೈವ್ ಅನ್ನೇ ನೋಡುವಂತೆ ಸೆಟ್ಟಿಂಗ್ ಇದ್ದು, ಪೆನ್‌ಡ್ರೈವ್ ಅಲ್ಲೇ ಸಿಕ್ಕಿಸಿಕೊಂಡಿದ್ದರೆ, ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೊದಲಿನಿಂದ ಶುರು. ಹಾಕಿದ್ದನ್ನು ಅಳಿಸುವುದು, ಅಳಿಸಿದ್ದನ್ನು ಹಾಕುವುದು. ಯಾರೋ ಮರೆತ ಪೆನ್‌ಡ್ರೈವ್ ಮಾರನೆಯ ದಿನ ಮಕ್ಕಳ ಕೆಲಸವನ್ನೂ ಒರೆಸಿಹಾಕಬಹುದು.

ಇದನ್ನು ತಡೆಯಲು ಈಗಿನ ಕಂಪ್ಯೂಟರುಗಳ ಯುಇಎಫ್‌ಐಯಲ್ಲಿ 'ಬೂಟ್‌ನೆಕ್ಸ್ಟ್' ಎಂಬ ವ್ಯವಸ್ಥೆ ಇದೆ. ಮುಂದಿನ ಒಂದೇ ಒಂದು ಸಲ ಇಲ್ಲಿಂದ ಬೂಟ್ ಆಗು ಎಂದು ಅದರಲ್ಲಿ ಬರೆಯಬಹುದು. ಓದಿದ ಮೇಲೆ ಆ ಬರಹ ಅಳಿಸಿಹೋಗುತ್ತದೆ. ಮನೆಯಲ್ಲಿ ವಿಂಡೋಸ್ ಹಾಕುವಾಗ ಕಪ್ಪು ಪರದೆಯ ಮೇಲೆ 'ಯಾವುದಾದರೂ ಕೀ ಒತ್ತಿ' ಎಂದು ಕೆಲ ಕ್ಷಣ ಬಂದರೆ, ಅದಿರುವುದೂ ಈ ಸುತ್ತಾಟ ತಪ್ಪಿಸಲಿಕ್ಕೆ. ಮೊದಲ ಸಲ ಒತ್ತಬೇಕು, ಆಮೇಲೆ ಬಂದಾಗ ಸುಮ್ಮನಿರಬೇಕು.

ಇನ್ನು ಫೋನ್. ಹಳೆಯ ಆಂಡ್ರಾಯ್ಡ್ ಫೋನುಗಳು ಅಪ್‌ಡೇಟಿಗಾಗಿ 'ರಿಕವರಿ' ಎಂಬ ಚಿಕ್ಕ ಸಿಸ್ಟಂಗೆ ಹೋಗಿ, ಕೆಲಸ ಮುಗಿಸಿ ಮರಳುತ್ತವೆ. 2016ರ ಆಂಡ್ರಾಯ್ಡ್ 7ರಿಂದ ಇನ್ನೊಂದು ದಾರಿ ಬಂತು. ಫೋನಿನಲ್ಲಿ ಸಿಸ್ಟಂಗೆ ಎರಡು ಜಾಗ. ನೀವು ಒಂದನ್ನು ಬಳಸುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದು ಕೂರುತ್ತದೆ. ರೀಸ್ಟಾರ್ಟ್ ಮಾಡಿದಾಗ ಹೊಸದರಿಂದ ಬೂಟ್ ಆಗುತ್ತದೆ; ಕೆಲವು ಪ್ರಯತ್ನದಲ್ಲೂ ಅದು ಏಳದಿದ್ದರೆ ಹಳೆಯದಕ್ಕೇ ವಾಪಸ್. ಹೊರಗಿನಿಂದ ನೋಡುವವರಿಗೆ ಇದು 'ತಾನಾಗಿಯೇ ಆಫ್ ಆನ್' ಎಂದು ಕಾಣುತ್ತದೆ, ಅಷ್ಟೆ.

ಒಂದನ್ನೇ ನೆಚ್ಚಿಕೊಳ್ಳದಿರುವುದರ ಲಾಭ ನಮ್ಮ ಮೊಳಕಾಲ್ಮೂರು ಸೀಮೆಗೆ ಹೊಸದಲ್ಲ. ಜಟಿಂಗ ರಾಮೇಶ್ವರ ಬೆಟ್ಟದ ಅಶೋಕ ಶಾಸನ ತುಂಬಾ ಸವೆದಿದೆ. ಆದರೆ ಅದೇ ಶಾಸನ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲೂ ಇರುವುದರಿಂದ ಅಳಿಸಿದ ಸಾಲುಗಳಲ್ಲಿ ಏನಿತ್ತೆಂದು ತಿಳಿಯುತ್ತದೆ. ಫೋನಿನಲ್ಲಿ ಎರಡೂ ಒಂದೇ ಪಾಠವಲ್ಲ, ಒಂದು ಹಳೆಯದು, ಒಂದು ಹೊಸದು. ಆದರೆ ಒಂದು ಕೆಟ್ಟಾಗ ಕಾಯುವುದು ಇನ್ನೊಂದೇ.

ಹಾಗಿದ್ದರೆ ನಡುವೆ ಪವರ್ ಬಟನ್ ಒತ್ತಿದರೇನು? ಎರಡು ಜಾಗವಿರುವ ಫೋನು ಬಹುತೇಕ ತಡೆದುಕೊಳ್ಳುತ್ತದೆ. ಹಳೆಯ ಫೋನೂ ನಿಂತಲ್ಲಿಂದ ಮುಂದುವರಿಯಲು ನೋಡುತ್ತದೆ, ಆದರೆ ಬರೆಯುವ ಹೊತ್ತಿನಲ್ಲೇ ನಿಂತರೆ ಫೋನ್ ಏಳದೆ ಸರ್ವಿಸ್ ಸೆಂಟರ್ ದಾರಿ ಹಿಡಿಯಬೇಕಾಗಬಹುದು. ಫೋಟೋಗಳು ಇರುವ ಜಾಗ ಬೇರೆ, ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಆದರೆ ಏಳದ ಫೋನಿನಿಂದ ಫೋಟೋ ತೆಗೆಯುವುದು ಹೇಗೆ? ಚಾರ್ಜ್ ತುಂಬಿಸಿ, ಬೇಕಾದದ್ದರ ಬ್ಯಾಕಪ್ ಇಟ್ಟುಕೊಂಡೇ ಅಪ್‌ಡೇಟ್ ಒತ್ತಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ವೇಳೆ ನೋಡಿಕೊಂಡು ಶುರು ಮಾಡಿ.

ಅನುಮಾನ ಪಡಬೇಕಾದ ಜಾಗ ಬೇರೆಯೇ ಇದೆ. ಫೋನಿನ ಅಪ್‌ಡೇಟ್ ಬರುವುದು ಸೆಟ್ಟಿಂಗ್ಸ್‌ನಲ್ಲಿ. ಕಂಪನಿಯ ಡಿಜಿಟಲ್ ಸಹಿ ತಾಳೆಯಾಗದಿದ್ದರೆ ಫೋನ್ ಅದನ್ನು ಒಪ್ಪುವುದೇ ಇಲ್ಲ. ವಾಟ್ಸಾಪ್‌ನಲ್ಲಿ 'ಪಿಎಂ ಕಿಸಾನ್' ಎಂದೋ 'ಟ್ರಾಫಿಕ್ ದಂಡ' ಎಂದೋ ಹೆಸರಿಟ್ಟು ಬರುವ ಎಪಿಕೆ ಫೈಲಿಗೆ ಈ ಕಾವಲಿಲ್ಲ. ಒತ್ತಿ, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಅದು ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯಬಲ್ಲದು. ಅದಕ್ಕೆ ಫೋನನ್ನು ಒಮ್ಮೆಯೂ ರೀಸ್ಟಾರ್ಟ್ ಮಾಡುವ ಅಗತ್ಯವಿಲ್ಲ.