ನಿಮಗಿದು ಗೊತ್ತೇ? ಸೇಡಂ ರಸ್ತೆಯ ಮೇಲೆ ಮೂರು ಬಣ್ಣದ ಆಕಾಶ!

ಕಲಬುರಗಿಯ ಆಕಾಶ ನೀಲಿ ಅಂದುಕೊಂಡಿದ್ದೀರಾ? ಡ್ರೋನ್ ಹಾರಿಸುವವರ ಸರ್ಕಾರಿ ನಕ್ಷೆ ‘ಡಿಜಿಟಲ್ ಸ್ಕೈ’ ನೋಡಿ. ಅಲ್ಲಿ ಅದು ಕೆಂಪು, ಹಳದಿ, ಹಸಿರು! ನಟ್ಟನಡುವೆ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ. ಅದರ ಸುತ್ತ ಉಂಗುರ ಉಂಗುರವಾಗಿ ಬಣ್ಣ.

ನಿಲ್ದಾಣದಿಂದ 5 ಕಿ.ಮೀ. ಒಳಗೆ ಕೆಂಪು. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಏಳುವಂತಿಲ್ಲ. 5ರಿಂದ 8 ಕಿ.ಮೀ. ಹಳದಿ. ಅಲ್ಲಿ ನೆಲದಿಂದ ಒಂದಡಿ ಎಬ್ಬಿಸಬೇಕಾದರೂ ವಾಯು ಸಂಚಾರ ನಿಯಂತ್ರಣದವರು ‘ಹೂಂ’ ಅನ್ನಬೇಕು!

ಇನ್ನೂ ಮಜಾ ಇರುವುದು ಮುಂದಿನ ಉಂಗುರದಲ್ಲಿ. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಹಸಿರು, ಅದರ ಮೇಲೆ ಹಳದಿ. ಅಂದರೆ ಒಂದೇ ತೊಗರಿ ಹೊಲದ ಮೇಲೆ ಎರಡಂತಸ್ತಿನ ಆಕಾಶ! ಕೆಳಗಿನ ಅಂತಸ್ತಿಗೆ ಅನುಮತಿ ಬೇಡ, ಮೇಲಿನದಕ್ಕೆ ಬೇಕು.

200 ಅಡಿ ಎಷ್ಟು ಅಂತ ಅಂದಾಜಾಗಲಿಲ್ಲವೇ? ಕಲಬುರಗಿಯ ಬುದ್ಧ ವಿಹಾರದ ಗುಮ್ಮಟ ಸುಮಾರು 70 ಅಡಿ. ಅಂಥ ಮೂರನ್ನು ಒಂದರ ಮೇಲೊಂದು ಇಟ್ಟರೆ ಮಿತಿ ದಾಟಿಯೇ ಬಿಟ್ಟಿರಿ!

ಈ ದೂರ ಅಳೆಯುವುದು ಎಲ್ಲಿಂದ ಗೊತ್ತೇ? ಟಿಕೆಟ್ ತೋರಿಸುವ ಟರ್ಮಿನಲ್‌ನಿಂದ ಅಲ್ಲ. ನಿಲ್ದಾಣದ ಹೊರಗಡಿಯಿಂದ! ಇಲ್ಲಿನ ರನ್‌ವೇ ಒಂದೇ 3 ಕಿ.ಮೀ.ಗಿಂತ ಉದ್ದ. ಬೈಕಿನ ಮೀಟರ್ ನಂಬಿ ಲೆಕ್ಕ ಹಾಕಿದವರು ಹಸಿರಿನಲ್ಲಿದ್ದೇವೆ ಅಂದುಕೊಂಡು ಹಳದಿಯಲ್ಲಿ ನಿಂತಿರುತ್ತಾರೆ. ಹಾರಿಸುವ ಮುಂಚೆ ನಕ್ಷೆಯನ್ನೇ ನೋಡಿ, ರಸ್ತೆ ಬದಿಯ ಕಲ್ಲನ್ನಲ್ಲ.

‘ಇವತ್ತು ವಿಮಾನವೇ ಇಲ್ಲವಲ್ಲ’ ಅನ್ನುವ ಜಾಣರೂ ಇದ್ದಾರೆ. ವೇಳಾಪಟ್ಟಿಗೂ ಈ ಉಂಗುರಗಳಿಗೂ ಸಂಬಂಧವೇ ಇಲ್ಲ! ಕಲಬುರಗಿ ನಿಲ್ದಾಣ ಪೈಲಟ್ ತರಬೇತಿಗೂ ಗೊತ್ತು ಮಾಡಿದ ಜಾಗ. ಕಲಿಯುವ ಹುಡುಗ ಹುಡುಗಿಯರು ಪುಟ್ಟ ವಿಮಾನದಲ್ಲಿ ಏರಿ, ಸುತ್ತಿ, ಇಳಿದು, ಮತ್ತೆ ಏರುತ್ತಾರೆ. ಅವರು ಬಸ್ಸಿನ ಹಾಗೆ ಟೈಮಿಗೆ ಬರುವವರಲ್ಲ!

ಈಗ ತಕ್ಕಡಿ ತೆಗೆಯಿರಿ. 2021ರ ಡ್ರೋನ್ ನಿಯಮಗಳಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. 250 ಗ್ರಾಂವರೆಗೆ ‘ನ್ಯಾನೊ’. ಅಲ್ಲಿಂದ 2 ಕಿಲೋವರೆಗೆ ‘ಮೈಕ್ರೊ’. ಕೊನೆಯ ವರ್ಗ 150 ಕಿಲೋ ಮೀರಿದ್ದು. ಅದೂ ಡ್ರೋನೇ!

ಡಿಜೆಐ ಕಂಪನಿ 2019ರಲ್ಲಿ ತಂದ ಮ್ಯಾವಿಕ್ ಮಿನಿ ಎಷ್ಟು ತೂಗುತ್ತಿತ್ತು ಹೇಳಿ? ಸರಿಯಾಗಿ 249 ಗ್ರಾಂ! ಪಾವ್ ಕಿಲೋಗೆ ಒಂದೇ ಗ್ರಾಂ ಕಮ್ಮಿ. ಹಲವು ದೇಶಗಳಲ್ಲಿ 250 ಗ್ರಾಂ ಮುಟ್ಟಿದರೆ ಕಟ್ಟುಪಾಡು ಶುರು, ಅದಕ್ಕೇ ಈ ಉಪಾಯ. ಜಪಾನಿನಲ್ಲಿ ಆಗ ಮಿತಿ 200 ಗ್ರಾಂ. ಅಲ್ಲಿಗೆ ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂ ಮಾಡಿ ಕಳಿಸಿದರು! ಜಪಾನ್ ಸುಮ್ಮನಿತ್ತೇ? 2022ರ ಜೂನ್‌ನಲ್ಲಿ ಮಿತಿಯನ್ನು 100 ಗ್ರಾಂಗೆ ಇಳಿಸಿಬಿಟ್ಟಿತು!

ಆದರೆ ನೆನಪಿಡಿ, ಹಗುರ ಅಂದ ಮಾತ್ರಕ್ಕೆ ಸರಡಗಿಯ ಕೆಂಪು ಉಂಗುರ ಬಾಗಿಲು ತೆರೆಯುವುದಿಲ್ಲ.

ಅಣ್ಣನ ಮಗನ ಜವಳದಲ್ಲಿ ಒಂದೂವರೆ ಕಿಲೋ ಡ್ರೋನ್ ಹಾರಿಸಿ ವಿಡಿಯೊ ಮಾಡಿದಿರಿ. ಪೈಲಟ್ ಪ್ರಮಾಣಪತ್ರ ಬೇಡ. ಮರುದಿನ ಅದೇ ಡ್ರೋನ್, ಅದೇ ಎತ್ತರ, ಪಕ್ಕದ ಮನೆಯವರ ಮದುವೆ, ಕೈಗೆ ರೊಕ್ಕ ಬಂತು. ಈಗ ಪ್ರಮಾಣಪತ್ರ ಬೇಕು! 2 ಕಿಲೋ ಒಳಗಿನ ಮೈಕ್ರೊ ಡ್ರೋನ್‌ಗೆ ವಿನಾಯಿತಿ ಇರುವುದು ವ್ಯಾಪಾರಕ್ಕೆ ಬಳಸದಿದ್ದರೆ ಮಾತ್ರ.

ಪ್ರಮಾಣಪತ್ರಕ್ಕೆ ಡಿಗ್ರಿ ಬೇಡ. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಆಗಿರಬೇಕು. ಒಮ್ಮೆ ಸಿಕ್ಕರೆ 10 ವರ್ಷ ನಿಶ್ಚಿಂತೆ!

ಡ್ರೋನ್‌ಗೂ ನಂಬರ್ ಉಂಟು. ನೋಂದಣಿ ಶುಲ್ಕ ಬರೀ 100 ರೂಪಾಯಿ. ನಿಯಮ ಮುರಿದರೆ ದಂಡ 1 ಲಕ್ಷದವರೆಗೆ. ಲೆಕ್ಕ ನೀವೇ ಹಾಕಿ!

ಹಸಿರು ಆಕಾಶ ರಾತ್ರೋರಾತ್ರಿ ಕೆಂಪಾಗಬಹುದು, ಗೊತ್ತೇ? ಜರೂರು ಬಿದ್ದರೆ ರಾಜ್ಯ ಸರ್ಕಾರ ಒಂದು ಸಲಕ್ಕೆ 96 ಗಂಟೆವರೆಗೆ ‘ತಾತ್ಕಾಲಿಕ ಕೆಂಪು ವಲಯ’ ಸಾರಬಹುದು. ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯವರ ಆದೇಶ ಸಾಕು! ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಂಥ ದಿನ ದೊಡ್ಡವರು ಊರಿಗೆ ಬರುತ್ತಾರಲ್ಲ, ಆಗ ನಕ್ಷೆಯನ್ನು ಇನ್ನೊಂದು ಸಲ ನೋಡುವುದು ಒಳ್ಳೆಯದು.

ದುಬೈನಿಂದ ಬರುವ ಭಾವನಿಗೆ ‘ಒಂದು ಡ್ರೋನ್ ತನ್ರಿ’ ಅಂದಿದ್ದೀರಾ? 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನ್ ಆಮದಿಗೆ ನಿಷೇಧ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ರಿಯಾಯಿತಿ. ತಮಾಷೆ ಏನೆಂದರೆ, ಬಿಡಿಭಾಗ ತರಿಸಲು ಅಡ್ಡಿಯಿಲ್ಲ!

ಇಷ್ಟೆಲ್ಲ ಕೇಳಿ ಬಿಗಿ ಅನ್ನಿಸಿತೇ? ಇದು ಸಡಿಲ ಮಾಡಿದ ಮೇಲಿನ ಕಥೆ! 2014ರ ಅಕ್ಟೋಬರ್‌ನಲ್ಲಿ ಜನಸಾಮಾನ್ಯರ ಡ್ರೋನ್ ಹಾರಾಟಕ್ಕೇ ತಡೆ ಬಿದ್ದಿತ್ತು. 2021ರ ಮಾರ್ಚ್‌ನಲ್ಲಿ ಬಂದ ನಿಯಮಗಳಲ್ಲಿ 25 ಅರ್ಜಿ ನಮೂನೆಗಳು, 72 ಬಗೆಯ ಶುಲ್ಕ! ಅವು ಆರು ತಿಂಗಳೂ ಬಾಳಲಿಲ್ಲ. ಅದೇ ಆಗಸ್ಟ್‌ನಲ್ಲಿ ಹೊಸದು ಬಂತು. ನಮೂನೆ 5, ಶುಲ್ಕ 4 ಬಗೆ!

ಇಷ್ಟು ಭಯ ಯಾಕೆ ಅಂತೀರಾ? 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂದು ಸುದ್ದಿ. ಕ್ರಿಸ್‌ಮಸ್ ಹೊತ್ತಿನಲ್ಲಿ ರನ್‌ವೇ ಬಂದ್! ಸುಮಾರು 1,000 ವಿಮಾನಗಳಿಗೆ, 1.4 ಲಕ್ಷ ಪ್ರಯಾಣಿಕರಿಗೆ ಪೆಟ್ಟು. ಆ ಡ್ರೋನ್ ಸಿಕ್ಕಿತೇ? ಇವತ್ತಿನವರೆಗೂ ಇಲ್ಲ!

ಉಂಗುರಗಳ ಗೋಜೇ ಬೇಡವೆಂದರೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ. ಕೆಂಪು ಬಾಳೆಗೆ ಹೆಸರಾದ ಆ ಊರು 12 ಕಿ.ಮೀ. ಗೆರೆಯಿಂದ ಎಷ್ಟೋ ಆಚೆ. ವಿಮಾನ ನಿಲ್ದಾಣದ ಲೆಕ್ಕದಲ್ಲಿ ಅಲ್ಲಿ 400 ಅಡಿವರೆಗೆ ಹಸಿರು. ಕೆಳಗೆ ಕೆಂಪು ಬಾಳೆ, ಮೇಲೆ ಹಸಿರು ಆಕಾಶ! ಡ್ರೋನ್ ಮಾತ್ರ ಕಣ್ಣಳತೆಯಲ್ಲೇ ಇರಲಿ.

ವಿಮಾನ ನಿಲ್ದಾಣದ ಕಾನೂನು ಡ್ರೋನ್‌ಗಷ್ಟೇ ಅಂದುಕೊಳ್ಳಬೇಡಿ. 1937ರ ವಿಮಾನ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಕ್ಕಿಗಳು ಮುತ್ತುವಂತೆ ಕಸ ಸುರಿಯುವಂತಿಲ್ಲ, ಬಯಲಲ್ಲಿ ಕುರಿ ಕೋಳಿ ಕೊಯ್ಯುವಂತಿಲ್ಲ. ಹದ್ದು ಬಂದರೆ ಅದೂ ಒಂದು ಡ್ರೋನೇ ಅಲ್ಲವೇ!

ಮತ್ತೆ ಪತಂಗ? 1934ರ ವಿಮಾನ ಕಾಯ್ದೆಯಲ್ಲಿ ‘ವಿಮಾನ’ ಅಂದರೆ ಏನು ಅಂತ ಬರೆದಿದ್ದರು. ಆ ಪಟ್ಟಿಯಲ್ಲಿ ಬಲೂನು ಇತ್ತು, ಗ್ಲೈಡರ್ ಇತ್ತು, ಗಾಳಿಪಟವೂ ಇತ್ತು! ಮಾಳಿಗೆ ಮೇಲೆ ನಿಂತು ದಾರ ಎಳೆಯುತ್ತಿದ್ದ ನಿಮ್ಮ ಮುತ್ತಜ್ಜನೂ ಆ ಲೆಕ್ಕದಲ್ಲಿ ವಿಮಾನ ಹಾರಿಸಿದವರೇ!