ತೆಂಗಿನ ತಲೆಗೆ ನೀರು ಏರುವುದು ಹೇಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ನಮ್ಮದು ತೆಂಗಿನ ಸೀಮೆ. ನಾವು ನೀರು ಹಾಯಿಸುವುದು ಮರದ ಬುಡಕ್ಕೆ. ಎಳನೀರು ಸಿಗುವುದು ಮರದ ತಲೆಯಲ್ಲಿ. ನಡುವೆ 50-60 ಅಡಿ ಎತ್ತರ. ಅಷ್ಟು ಎತ್ತರಕ್ಕೆ ನೀರೆತ್ತಲು ನಮಗೆ ಪಂಪು ಬೇಕು, ಕರೆಂಟು ಬೇಕು. ಮರದಲ್ಲಿ ಯಾವ ಪಂಪು ಇದೆ? ನೋಡೋಣ ಬನ್ನಿ.

ಬೇರು ಹೀರುತ್ತದೆ, ಗರಿ ಎಳೆಯುತ್ತದೆ

ತೆಂಗಿಗೆ ತಾಯಿಬೇರು ಇಲ್ಲ. ಬುಡದಿಂದ ಸಾವಿರಾರು ಬೇರುಗಳು ಸುತ್ತಲೂ ಹರಡುತ್ತವೆ. ಬೇರಿನ ತುದಿಯ ಎಳೆಯ ಭಾಗ ನೀರು ಹೀರುತ್ತದೆ. ನೀರಿನಲ್ಲಿ ಕರಗಿದ ಗೊಬ್ಬರದ ಸಾರವೂ ಜೊತೆಗೆ ಬರುತ್ತದೆ.

ಗರಿಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ. ಬಿಸಿಲು ಬಿದ್ದಾಗ ಅಲ್ಲಿಂದ ನೀರು ಆವಿಯಾಗಿ ಹೋಗುತ್ತದೆ. ಆಗ ಕೆಳಗಿನ ನೀರು ಮೇಲಕ್ಕೆ ಬರುತ್ತದೆ. ಹಗ್ಗದ ತುದಿ ಎಳೆದರೆ ಇಡೀ ಹಗ್ಗ ಬರುತ್ತದಲ್ಲವೆ? ಕೊಳವೆಯಲ್ಲಿ ನೀರೂ ಹಾಗೇ, ಒಂದಕ್ಕೊಂದು ಅಂಟಿಕೊಂಡು ಏರುತ್ತದೆ. ಈ ಪಂಪಿಗೆ ಬಿಸಿಲೇ ಕರೆಂಟು.

ಎರಡು ಬಗೆಯ ಕೊಳವೆ

ಕಾಂಡದಲ್ಲಿ ಎರಡು ಬಗೆಯ ಕೊಳವೆಗಳಿವೆ. ಒಂದರಲ್ಲಿ ನೀರು ಮೇಲೆ ಏರುತ್ತದೆ. ಇನ್ನೊಂದರಲ್ಲಿ ಗರಿಗಳು ತಯಾರಿಸಿದ ಸಕ್ಕರೆ ಬೇರಿಗೆ, ಸುಳಿಗೆ, ಕಾಯಿಗೆ ಹೋಗುತ್ತದೆ. ಹೊಂಬಾಳೆಯ ತುದಿ ಕೊಯ್ದರೆ ನೀರಾ ತೊಟ್ಟಿಕ್ಕುತ್ತದೆ. ಅದು ಈ ಎರಡನೆಯ ಕೊಳವೆಯ ರಸ. ಅದಕ್ಕೇ ಅಷ್ಟು ಸಿಹಿ.

ತೆಂಗಿನ ಗಾಯ ಮಾಯುವುದಿಲ್ಲ

ತೆಂಗಿನ ಮರವನ್ನು ಅಡ್ಡ ಕುಯ್ದಾಗ ನೋಡಿ. ಒಳಗೆಲ್ಲ ಕಂದು ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಕೊಳವೆಗಳ ಒಂದು ಕಟ್ಟು.

ಮಾವು, ಬೇವಿನ ಮರಗಳಲ್ಲಿ ತೊಗಟೆಯ ಕೆಳಗೆ ಹೊಸ ಕೊಳವೆಗಳು ಹುಟ್ಟುತ್ತಲೇ ಇರುತ್ತವೆ. ಮರ ದಪ್ಪ ಆಗುತ್ತದೆ. ಗಾಯವೂ ನಿಧಾನವಾಗಿ ಮುಚ್ಚುತ್ತದೆ. ತೆಂಗಿಗೆ ಆ ಶಕ್ತಿ ಇಲ್ಲ. ಕಾಂಡ ಬೆಳೆಯುವಾಗ ಆದ ಕೊಳವೆಗಳೇ ಮರ ಇರುವ ತನಕ ದುಡಿಯಬೇಕು. ಅಜ್ಜ ನೆಟ್ಟ ಮರದಲ್ಲಿ ಇಂದಿನ ನೀರು ಏರುವುದು ಅಜ್ಜನ ಕಾಲದ ಕೊಳವೆಯಲ್ಲೇ!

ಹತ್ತಲು ಸುಲಭ ಅಂತ ಕೆಲವರು ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕುತ್ತಾರೆ. ಕಡಿದ ಕೊಳವೆ ಮತ್ತೆ ಕೂಡುವುದಿಲ್ಲ. ಆ ಗಾಯದಲ್ಲಿ ಕೆಂಪು ಮೂತಿ ಹುಳು ಮೊಟ್ಟೆ ಇಡುತ್ತದೆ. ರಸ ಸೋರುವ ರೋಗವೂ ಅಂಟಬಹುದು.

ನಾವು ಏನು ಮಾಡೋಣ?

* ಕಾಂಡಕ್ಕೆ ಕಚ್ಚು ಹಾಕುವುದು ಬೇಡ. ಮೊಳೆ ಹೊಡೆಯುವುದೂ ಬೇಡ. ಹತ್ತಲು ಏಣಿ ಅಥವಾ ಮರ ಹತ್ತುವ ಸಾಧನ ಬಳಸೋಣ.
* ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಸುರಿಯುವುದು ಬೇಡ. ಬುಡದ ಸುತ್ತ 6 ಅಡಿಯವರೆಗೆ ಪಾತಿ ಮಾಡಿ ಹರಡೋಣ. ಬೇರುಗಳು ಹೆಚ್ಚಾಗಿ ಇರುವುದು ಅಲ್ಲೇ.
* ಗೊಬ್ಬರ ಹಾಕಿದಾಗ ಮಣ್ಣಿನಲ್ಲಿ ಹದ ಇರಲಿ. ಕರಗದ ಗೊಬ್ಬರವನ್ನು ಬೇರು ಹೀರಲಾರದು.
* ಪಾತಿಗೆ ಒಣಗಿದ ಗರಿ, ಮಟ್ಟೆ ಮುಚ್ಚೋಣ. ತೇವ ಉಳಿಯುತ್ತದೆ.
* ಕಾಂಡದಲ್ಲಿ ಕಂದು ರಸ ಸೋರಿದರೆ ತಡ ಮಾಡುವುದು ಬೇಡ. ತೋಟಗಾರಿಕೆ ಇಲಾಖೆಯವರನ್ನೋ ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳೋಣ.

ತೆಂಗು ನಮಗೆ ಕಾಯಿ ಕೊಡುತ್ತದೆ, ಕೊಬ್ಬರಿ ಕೊಡುತ್ತದೆ. ಅದರ ಮೈಗೆ ಗಾಯ ಆಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಈ ಮಾತನ್ನು ಪಕ್ಕದ ತೋಟದವರಿಗೂ ಓದಿ ಹೇಳಿ.