ಬೀಟೇನ್: ಎರಡು ವಿದ್ಯುತ್ತುಗಳ ಒಂದು ಅಣು

ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ, ಮರುದಿನಕ್ಕೆ ಹೋಳುಗಳು ಸುಕ್ಕುಗಟ್ಟಿ ತಳದಲ್ಲಿ ನೀರು ನಿಂತಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಜೀವಕೋಶದ ಹೊರಗೆ ಲವಣವು ಹೆಚ್ಚಿದಾಗ ಒಳಗಿನ ನೀರು ಪೊರೆಯನ್ನು ದಾಟಿ ಹೊರಕ್ಕೆ ಹರಿಯುತ್ತದೆ. ಇದೇ ಅಭಿಸರಣ. ಹಾಗಾದರೆ ಯೂರೋಪಿನ ಕಡಲತೀರಗಳ ಉಪ್ಪುನೆಲದಲ್ಲಿ ಬೆಳೆಯುವ ಕಾಡು ಬೀಟ್ ಗಿಡವು ಮಾವಿನ ಹೋಳಿನಂತೆ ಸುಕ್ಕಿಹೋಗುವುದಿಲ್ಲವೇಕೆ?

ಉತ್ತರದ ಒಂದು ಮುಖ್ಯ ಭಾಗವು, ಆ ಗಿಡದ ಹೆಸರನ್ನೇ ಹೊತ್ತಿರುವ ಬೀಟೇನ್ ಎಂಬ ವಸ್ತುವಿನಲ್ಲಿದೆ. ಕಾಡು ಬೀಟಿನ ವಂಶದಲ್ಲಿಯೇ ಹುಟ್ಟಿದ ಸಕ್ಕರೆ ಬೀಟಿನ ರಸದಿಂದ ಇದನ್ನು 1860ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಕಾರ್ಲ್ ಶೈಬ್ಲರ್ ಬೇರ್ಪಡಿಸಿದನು. ಇಂದಿಗೂ ಬೀಟಿನ ಸಕ್ಕರೆ ತೆಗೆದಮೇಲೆ ಉಳಿಯುವ ಕಾಕಂಬಿಯಿಂದ ಇದನ್ನು ಪಡೆಯುತ್ತಾರೆ. ಇದನ್ನು ಹೋಲುವ ಬೇರೆ ಸಂಯುಕ್ತಗಳಿಗೂ ಕ್ರಮೇಣ ಇದೇ ಹೆಸರು ಅಂಟಿಕೊಂಡಿತು. ಕೊಬ್ಬರಿ ಎಣ್ಣೆಯಿಂದ ತಯಾರಾಗುವ ಅಂಥದೊಂದು ಬೀಟೇನು ಶಾಂಪೂವಿನಲ್ಲಿ ನೊರೆಯೆಬ್ಬಿಸುತ್ತದೆ. ಅದನ್ನು ಇಲ್ಲಿಗೆ ಬಿಡೋಣ.

ಅಣುವಿನ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಮೈನೋ ಆಮ್ಲಗಳಲ್ಲಿ ಅತಿ ಸರಳವಾದುದು ಗ್ಲೈಸಿನ್. ನೀರಿನಲ್ಲಿ ಅದರ ಸಾರಜನಕಕ್ಕೆ ಮೂರು ಜಲಜನಕ ಪರಮಾಣುಗಳು ಅಂಟಿಕೊಂಡು ಆ ತುದಿಯಲ್ಲಿ ಧನವಿದ್ಯುತ್ತೂ, ಆಮ್ಲದ ತುದಿಯಲ್ಲಿ ಋಣವಿದ್ಯುತ್ತೂ ಇರುತ್ತವೆ. ಆದರೆ ದ್ರಾವಣಕ್ಕೆ ಕ್ಷಾರವನ್ನು ಸೇರಿಸಿದೊಡನೆ ಒಂದು ಜಲಜನಕವು ತನ್ನ ಧನವಿದ್ಯುತ್ತಿನೊಡನೆ ಕಳಚಿಹೋಗುತ್ತದೆ. ಆ ಮೂರು ಜಲಜನಕಗಳ ಸ್ಥಾನದಲ್ಲಿ ಮೂರು ಮೀಥೈಲ್ ಗುಂಪುಗಳನ್ನು ಕೂರಿಸಿದರೆ ದೊರೆಯುವುದೇ ಬೀಟೇನ್. ಒಂದು ಇಂಗಾಲಕ್ಕೆ ಮೂರು ಜಲಜನಕಗಳು ಸೇರಿದರೆ ಮೀಥೈಲ್ ಗುಂಪು. ಅದು ಹಾಗೆ ಸುಲಭವಾಗಿ ಕಳಚುವಂಥದಲ್ಲ. ಆದ್ದರಿಂದ ಬೀಟೇನಿನ ಧನವಿದ್ಯುತ್ತು ಸ್ಥಿರ. ಋಣವಿದ್ಯುತ್ತು ಕೂಡ ತೀಕ್ಷ್ಣವಾದ ಆಮ್ಲದಲ್ಲಲ್ಲದೆ ಅಳಿಯದು. ಎರಡನ್ನೂ ಕೂಡಿದರೆ ಮೊತ್ತ ಸೊನ್ನೆ.

ಈ ಸೊನ್ನೆಯಲ್ಲಿಯೇ ಗುಟ್ಟಿದೆ. ಹೊರಗಿನ ಲವಣಕ್ಕೆ ಸರಿಯಾಗಿ ಕೋಶವು ಒಳಗೂ ಲವಣವನ್ನೇ ತುಂಬಿಕೊಂಡರೆ ನೀರೇನೋ ಉಳಿಯುತ್ತದೆ. ಆದರೆ ಅಯಾನುಗಳು ಪ್ರೋಟೀನುಗಳ ಮೇಲೆ ಮುತ್ತಿ ಅವುಗಳ ಕೆಲಸವನ್ನು ಕೆಡಿಸುತ್ತವೆ. ಬೀಟೇನು ನೀರಿನೊಡನೆ ಚೆನ್ನಾಗಿ ಬೆರೆಯುತ್ತದೆ, ಪ್ರೋಟೀನಿನ ಮೈಗೆ ಮಾತ್ರ ಅಂಟುವುದಿಲ್ಲ. ಎಷ್ಟು ತುಂಬಿದರೂ ತಂಟೆ ಮಾಡದ ಬಾಡಿಗೆದಾರನಂತೆ ಎನ್ನಬಹುದು. ಪಾಲಕ್, ಬಾರ್ಲಿ, ಗೋಧಿಗಳು ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಭತ್ತಕ್ಕೆ ಈ ಸಾಮರ್ಥ್ಯವಿಲ್ಲ. ಮಣ್ಣಿನ ಬ್ಯಾಕ್ಟೀರಿಯವೊಂದರ ಜೀನನ್ನು ಭತ್ತಕ್ಕೆ ಸೇರಿಸಿ ಅದರಿಂದ ಬೀಟೇನನ್ನು ಮಾಡಿಸುವ ಪ್ರಯೋಗವು 1990ರ ದಶಕದಲ್ಲಿಯೇ ನಡೆಯಿತು. ರಕ್ತಕ್ಕಿಂತ ಸುಮಾರು ನಾಲ್ಕು ಪಟ್ಟು ಸಾಂದ್ರವಾದ ಮೂತ್ರವನ್ನು ಸಿದ್ಧಪಡಿಸಬಲ್ಲ ನಮ್ಮ ಮೂತ್ರಪಿಂಡದ ಒಳಭಾಗದ ಕೋಶಗಳು ಕೂಡ ಬೀಟೇನನ್ನು ಕೂಡಿಟ್ಟುಕೊಂಡೇ ಬದುಕುತ್ತವೆ.

ಬೀಟೇನ್ ನಮಗೆ ಬೀಟ್‌ರೂಟ್, ಪಾಲಕ್ ಸೊಪ್ಪು, ಗೋಧಿಯ ತೌಡುಗಳಿಂದ ದೊರೆಯುತ್ತದೆ. ಕೋಲಿನ್ ಎಂಬ ಇನ್ನೊಂದು ಆಹಾರಾಂಶದಿಂದ ದೇಹವೂ ಅದನ್ನು ತಯಾರಿಸುತ್ತದೆ. ಯಕೃತ್ತಿನಲ್ಲಿ ಅದಕ್ಕೆ ಎರಡನೆಯ ಉದ್ಯೋಗ. ಅಲ್ಲಿ ಕಿಣ್ವವೊಂದು ಬೀಟೇನಿನ ಒಂದು ಮೀಥೈಲ್ ಗುಂಪನ್ನು ಕಿತ್ತು ಹೋಮೋಸಿಸ್ಟೀನ್ ಎಂಬ ವಸ್ತುವಿಗೆ ಜೋಡಿಸುತ್ತದೆ. ಹೋಮೋಸಿಸ್ಟೀನು ಮಿಥಿಯೋನಿನ್ ಎಂಬ ಉಪಯುಕ್ತ ಅಮೈನೋ ಆಮ್ಲವಾಗುತ್ತದೆ.

ಇದರ ಬೆಲೆ ತಿಳಿಯುವುದು ಹೋಮೋಸಿಸ್ಟಿನ್ಯೂರಿಯಾ ಎಂಬ ವಿರಳವಾದ ಆನುವಂಶಿಕ ರೋಗದಲ್ಲಿ. 1962ರಲ್ಲಿ ಮೊದಲು ವರ್ಣಿಸಲ್ಪಟ್ಟ ಈ ರೋಗದಲ್ಲಿ ಹೋಮೋಸಿಸ್ಟೀನು ರಕ್ತದಲ್ಲಿ ರಾಶಿಯಾಗುತ್ತದೆ. ಚಿಕಿತ್ಸೆ ದೊರೆಯದ ಮಕ್ಕಳಲ್ಲಿ ಕಣ್ಣಿನ ಮಸೂರವು ಸ್ಥಾನ ತಪ್ಪುವುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು, ಎಳೆಯ ವಯಸ್ಸಿನಲ್ಲಿಯೇ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಉಂಟು. ಅಮೆರಿಕದಲ್ಲಿ 1996ರಲ್ಲಿ ಬೀಟೇನನ್ನು ಇದಕ್ಕೆ ಔಷಧವೆಂದು ಅಂಗೀಕರಿಸಿದರು. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 6 ಗ್ರಾಂ.

ಹೋಮೋಸಿಸ್ಟೀನು ಸ್ವಲ್ಪವೇ ಹೆಚ್ಚಿರುವವರಲ್ಲಿ ಹೃದ್ರೋಗವೂ ಹೆಚ್ಚೆಂದು ಕಂಡುದರಿಂದ, ಎಲ್ಲರೂ ಬೀಟೇನಿನ ಪುಡಿಯನ್ನು ಸೇವಿಸಬಹುದಲ್ಲವೆ ಎಂದು ಕೆಲವರು ಕೇಳುವುದುಂಟು. ನಾವು ಒಪ್ಪಲಾರೆವು. 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಬಿ ಗುಂಪಿನ ಜೀವಸತ್ವಗಳು ಹೋಮೋಸಿಸ್ಟೀನನ್ನು ಇಳಿಸಿದವು, ಹೃದಯಾಘಾತಗಳನ್ನು ಮಾತ್ರ ಇಳಿಸಲಿಲ್ಲ. ಬೀಟೇನು ಹೆಚ್ಚಿನ ಪ್ರಮಾಣದಲ್ಲಿ ರಕ್ತದ ಕೊಲೆಸ್ಟರಾಲನ್ನು ಏರಿಸಬಹುದೆಂಬುದೂ ಕಂಡುಬಂದಿದೆ. ರೋಗವುಳ್ಳ ಮಕ್ಕಳಲ್ಲಿ ಕೂಡ ಮಿಥಿಯೋನಿನ್ ಅತಿಯಾಗಿ ಏರಿ ಮಿದುಳಿಗೆ ಬಾವು ಬಂದ ಪ್ರಸಂಗಗಳುಂಟು. ಆದುದರಿಂದಲೇ ವೈದ್ಯರು ಬೀಟೇನನ್ನು ಕೊಡುತ್ತಲೇ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.